ಮೀಟರ್ ಹಿಡಿಯದೆ ಮೋಟಾರ್ ಬಿಚ್ಚಬೇಡಿ

"ಲೇ, ನೀ ಸದ್ಯ ಬಿಡು. ಹೊಸಾ ಮಷೀನ್ ತಗೊಂಡ ಮ್ಯಾಲ ಬಾ."

ಡಿಸೆಂಬರಿನ ಒಂದು ಶನಿವಾರ ರಾತ್ರಿ ಹನ್ನೊಂದೂವರೆಗೆ ಹೆಡ್‌ಫೋನಿನಲ್ಲಿ ಈ ಮಾತು ಕೇಳಿದಾಗ ನಾನು ಹೈದರಾಬಾದಿನ ಕೂಕಟ್‌ಪಲ್ಲಿಯ ಬಾಡಿಗೆ ಮನೆಯಲ್ಲಿ ಕೂತಿದ್ದೆ. ಹೇಳಿದವನು ಪುಣೆಯಲ್ಲಿದ್ದ. ಇನ್ನಿಬ್ಬರು ಬೆಂಗಳೂರಿನಲ್ಲಿ, ಒಬ್ಬ ರಾಯಚೂರಿನಲ್ಲೇ. ನಾವು ಐವರೂ ರಾಯಚೂರಿನ ಒಂದೇ ಕಾಲೇಜಿನ ಹುಡುಗರು. ಹುಡುಗರು ಎಂದರೆ ಈಗ ಮೂವತ್ತು ದಾಟಿದವರು. ಶನಿವಾರ ರಾತ್ರಿ ಊಟವಾದ ಮೇಲೆ ಕೌಂಟರ್-ಸ್ಟ್ರೈಕ್ ಆಡುತ್ತೇವೆ. ಆಟ ಬರೀ ನೆಪ ಎಂದು ಸುಳ್ಳು ಹೇಳುವುದಿಲ್ಲ, ಗೆಲ್ಲಬೇಕೆಂಬ ಹಟ ನನಗಿನ್ನೂ ಇದೆ. ಆದರೆ ವಾರಪೂರ್ತಿ ಆಫೀಸಿನಲ್ಲಿ ಇಂಗ್ಲಿಷು, ಅಪಾರ್ಟ್‌ಮೆಂಟಿನಲ್ಲಿ ತೆಲುಗು, ಆಟೋದಲ್ಲಿ ದಖನಿ ಆಡಿದ ನಾಲಗೆಗೆ, "ಎಲ್ಲಿ ಸತ್ತಿಲೇ, ಹಿಂದ ನೋಡು" ಎಂದು ನಮ್ಮೂರ ಕನ್ನಡದಲ್ಲಿ ಬೈಸಿಕೊಂಡು ತಿರುಗಿ ಬೈಯುವ ಮೂರು ತಾಸು ಅದು.

ಆವತ್ತು ನನ್ನ ಕಂಪ್ಯೂಟರ್ ಮೂರನೇ ಸಲ ಸಿಕ್ಕಿಕೊಂಡಿತ್ತು. ಎದುರಾಳಿ ಹೊಗೆ ಬಾಂಬ್ ಎಸೆದೊಡನೆ ಪರದೆ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಅಲುಗುವಷ್ಟರಲ್ಲಿ ನಾನು ಸತ್ತು ಬಿದ್ದಿರುತ್ತಿದ್ದೆ. ಗೆಲ್ಲುವ ಆಟ ನನ್ನಿಂದ ಸೋತ ಸಿಟ್ಟಿನಲ್ಲಿ ಗೆಳೆಯ ಹಾಗಂದದ್ದು ತಪ್ಪಲ್ಲ. ಮುಂದಿನ ಶನಿವಾರ ನನ್ನ ಜಾಗಕ್ಕೆ ಅವನ ಆಫೀಸಿನ ಇನ್ನೊಬ್ಬ ಬಂದ. ಆ ಹುಡುಗನಿಗೆ ಕನ್ನಡ ಬಾರದು. ಆ ರಾತ್ರಿ ಎಲ್ಲರೂ ಹಿಂದಿಯಲ್ಲೇ ಆಡಿದರಂತೆ.

ಈ ಬರಹ ಆ ‘ಅಂತೆ’ಯ ಹೊಟ್ಟೆಯುರಿಯಿಂದ ಹುಟ್ಟಿದ್ದು. ಆದರೆ ಜಗಳ ಗೆಳೆಯನ ಜೊತೆಗಲ್ಲ. "ಹಳತಾಯಿತು, ಬದಲಿಸು" ಎಂಬ ಎರಡು ಪದಗಳ ಜೊತೆಗೆ. ಅವುಗಳ ನಡುವಿನ ಅಲ್ಪವಿರಾಮದಲ್ಲಿ ಒಂದು ದೊಡ್ಡ ಪ್ರಶ್ನೆಯನ್ನು ಯಾರೋ ನುಂಗಿ ಹಾಕಿದ್ದಾರೆ ಎಂಬುದು ನನ್ನ ತಕರಾರು.

ಮರುದಿನ ಬೆಳಿಗ್ಗೆಯೇ ಮೆಟ್ರೋ ಹತ್ತಿದೆ. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ, ಪ್ಯಾರಡೈಸ್ ಸ್ಟೇಷನ್ನಿನಲ್ಲಿ ಇಳಿದು, ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರಿಗೆ ನಡೆದೆ. ಹೈದರಾಬಾದಿನಲ್ಲಿ ಕಂಪ್ಯೂಟರ್ ಜೋಡಿಸಿಕೊಂಡವರಿಗೆ ಸಿಟಿಸಿ ಗೊತ್ತಿರುತ್ತದೆ. ಮಹಡಿ ಮಹಡಿಯಲ್ಲೂ ಗೂಡಿನಂಥ ಅಂಗಡಿಗಳು, ಎದೆಯೆತ್ತರ ಪೇರಿಸಿದ ಖಾಲಿ ಡಬ್ಬಗಳು, "ಕ್ಯಾ ಹೋನಾ ಭಾಯಿ?" ಎಂಬ ಕೂಗು. ನಾನು ನನ್ನ ಮಷೀನಿನ ಜಾತಕ ಹೇಳಿದೆ: 2019ರಲ್ಲಿ ಕೊಂಡದ್ದು, ಎಎಂಡಿ ರೈಜನ್ 5 2600 ಪ್ರೊಸೆಸರ್, ಬಿ450 ಬೋರ್ಡು, 8 ಜಿಬಿ ಮೆಮೊರಿ. ಅಂಗಡಿಯವರು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಹಾಳೆ ಎಳೆದು ಬರೆಯತೊಡಗಿದರು. ಹೊಸ ಪ್ರೊಸೆಸರ್. ಅದು ಹಳೇ ಬೋರ್ಡಿನಲ್ಲಿ ಕೂರುವುದಿಲ್ಲ, ಹಾಗಾಗಿ ಹೊಸ ಬೋರ್ಡು. ಹೊಸ ಬೋರ್ಡಿಗೆ ಡಿಡಿಆರ್5 ಮೆಮೊರಿಯೇ ಬೇಕು, ಹಳೇ ಡಿಡಿಆರ್4 ಪಟ್ಟಿ ಅದರ ಗಾಡಿಯಲ್ಲಿ ಇಳಿಯುವುದೇ ಇಲ್ಲ, ಹಾಗಾಗಿ ಹೊಸ ಮೆಮೊರಿ. ಒಟ್ಟು 46,500 ರೂಪಾಯಿ. ನನ್ನ ಮೂರು ತಿಂಗಳ ಬಾಡಿಗೆ.

"ಇದಕ್ಕೆ ಏನಾಗಿದೆ ಅಂತ?" ಎಂದು ಕೇಳಿದೆ.

"ಪುರಾನಾ ಹೋ ಗಯಾ ಭಾಯಿ."

ಅಷ್ಟೇ ರೋಗನಿದಾನ. ಆಟ ಯಾವಾಗ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಬೇರೆ ಏನೇನು ತೆರೆದಿರುತ್ತದೆ, ಒಂದನ್ನೂ ಕೇಳಲಿಲ್ಲ. ಅವರನ್ನು ಬೈಯುವುದಿಲ್ಲ, ಅವರ ಕೆಲಸ ಮಾರುವುದು. ನಾಚಿಕೆಯಾದದ್ದು ನನ್ನ ಬಗ್ಗೆಯೇ. ಸಾಫ್ಟ್‌ವೇರಿನಲ್ಲಿ ಒಂಬತ್ತು ವರ್ಷ ದುಡಿದವನು, ಲಾಗ್ ನೋಡದೆ ಸರ್ವರ್ ಮುಟ್ಟಬೇಡಿ ಎಂದು ಹೊಸಬರಿಗೆ ಪಾಠ ಹೇಳುವವನು, ನಾನೇ ಏನನ್ನೂ ನೋಡದೆ ಕಾರ್ಡ್ ಹಿಡಿದುಕೊಂಡು ಬಂದಿದ್ದೆ.

ರಾಯಚೂರಿನಲ್ಲಿ ನಮ್ಮ ಕಾಕಾಗೆ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. "ಮೋಟಾರ್ ಸುಟ್ಟೈತಿ" ಎಂದು ರೈತರು ಟ್ರ್ಯಾಕ್ಟರಿನಲ್ಲಿ ಪಂಪು ಹೇರಿಕೊಂಡು ಬರುತ್ತಿದ್ದರು. ಕಾಕಾ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಮೊದಲು ಮೀಟರ್ ಹಿಡಿಯುತ್ತಿದ್ದರು. ಎಷ್ಟೋ ಸಲ ವೈಂಡಿಂಗ್ ಗಟ್ಟಿಯಾಗಿಯೇ ಇರುತ್ತಿತ್ತು. ಹೊಲದಲ್ಲಿ ಒಂದು ಫೇಸ್ ಹೋಗಿರುತ್ತಿತ್ತು, ಇಲ್ಲವೇ ಸ್ಟಾರ್ಟರಿನ ಫ್ಯೂಸ್. "ಮೀಟರ್ ಹಿಡೀಲಾರದ ಮೋಟಾರ್ ಬಿಚ್ಚಿದ್ರ, ಇರೋದನ್ನೂ ಕೆಡಿಸ್ತೀವಿ" ಎನ್ನುತ್ತಿದ್ದರು. ವೈಂಡಿಂಗ್ ಮಾಡಿದರೆ ಅವರಿಗೇ ದುಡ್ಡು ಬರುತ್ತಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಹಾಳೆ ಮಡಚಿ ಜೇಬಿಗಿಟ್ಟುಕೊಂಡು ವಾಪಸ್ ಬಂದೆ. ಮೀಟರ್ ಹಿಡಿದೆ.

ಮೊದಲ ಅಳತೆ. ಆಟದ ರೆಸಲ್ಯೂಷನ್ನನ್ನು 1920×1080ರಿಂದ 1280×720ಕ್ಕೆ ಇಳಿಸಿದೆ. ಚಿತ್ರ ಚಿಕ್ಕದಾದರೆ ಗ್ರಾಫಿಕ್ಸ್ ಕಾರ್ಡಿನ ಹೊರೆ ಇಳಿಯುತ್ತದೆ. ಅದೇ ಸುಸ್ತಾಗಿದ್ದರೆ ಆಟ ಚುರುಕಾಗಬೇಕಿತ್ತು. ಏನೂ ಬದಲಾಗಲಿಲ್ಲ. ಅಂದರೆ ತೊಡಕು ಕಾರ್ಡಿನದಲ್ಲ, ಪ್ರೊಸೆಸರಿನದು ಅಥವಾ ಮೆಮೊರಿಯದು. ಅಂಗಡಿಯವರ ಅನುಮಾನದ ದಿಕ್ಕು ಇಷ್ಟರಮಟ್ಟಿಗೆ ಸರಿಯಾಗಿಯೇ ಇತ್ತು.

ಎರಡನೆಯದು, ಕಾವು. ಆಟ ಶುರುವಾದ ಹತ್ತು ನಿಮಿಷಕ್ಕೆ ಪ್ರೊಸೆಸರ್ 91 ಡಿಗ್ರಿ ಮುಟ್ಟುತ್ತಿತ್ತು. ಅತಿಯಾಗಿ ಕಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಪೆಟ್ಟಿಗೆ ತೆರೆದರೆ ಫ್ಯಾನಿನ ಕೆಳಗೆ ಕೂಕಟ್‌ಪಲ್ಲಿಯ ಆರು ವರ್ಷದ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ಧೂಳು ತೆಗೆದು, ಇನ್ನೂರೈವತ್ತು ರೂಪಾಯಿಯ ಪೇಸ್ಟ್ ಹಚ್ಚಿದ ಮೇಲೆ ಕಾವು 73ಕ್ಕಿಳಿಯಿತು.

ಮೂರನೆಯದು, ಮೆಮೊರಿ. ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ, 8 ಜಿಬಿಯಲ್ಲಿ ಏಳೂವರೆ ತುಂಬಿಹೋಗಿತ್ತು. ಕೌಂಟರ್-ಸ್ಟ್ರೈಕ್ 2ಕ್ಕೆ ಕನಿಷ್ಠ 8 ಜಿಬಿ ಬೇಕೆಂದು ತಯಾರಕರೇ ಬರೆದಿದ್ದಾರೆ. ನಾನಾದರೋ ಹಿಂದುಗಡೆ ಇಪ್ಪತ್ತು ಟ್ಯಾಬಿನ ಕ್ರೋಮ್ ತೆರೆದಿಟ್ಟು, ಐವರ ಮಾತಿಗಾಗಿ ಡಿಸ್ಕಾರ್ಡ್ ಹಾಕಿಕೊಂಡು ಆಡುತ್ತಿದ್ದೆ. ಅದೇ ಕಿಟಕಿಯಲ್ಲಿ ಇನ್ನೆರಡು ಸಾಲುಗಳಿದ್ದವು: ನಾಲ್ಕು ಗಾಡಿಗಳಲ್ಲಿ ಒಂದೇ ಬಳಕೆಯಲ್ಲಿದೆ, ವೇಗ 2133. ನನ್ನದು 3200 ವೇಗದ ಪಟ್ಟಿ. ಕೊಂಡ ದಿನ ಬಯಾಸಿನಲ್ಲಿ ಎಕ್ಸ್ಎಂಪಿ ಎಂಬ ಒಂದು ಸೆಟ್ಟಿಂಗನ್ನು ಯಾರೂ ಒತ್ತಿರಲಿಲ್ಲ. ಆರು ವರ್ಷ ಅದು ತನ್ನ ಶಕ್ತಿಯ ಮೂರರಲ್ಲಿ ಎರಡು ಪಾಲಿನಲ್ಲಿ ಕೆಲಸ ಮಾಡಿತ್ತು. ಇನ್ನು, ಒಂದೇ ಪಟ್ಟಿ ಇದ್ದರೆ ಪ್ರೊಸೆಸರಿಗೂ ಮೆಮೊರಿಗೂ ನಡುವೆ ಒಂದೇ ದಾರಿ. ಎರಡು ಪಟ್ಟಿ ಹಾಕಿದರೆ ಎರಡು ದಾರಿ ತೆರೆಯುತ್ತವೆ. 2019ರಲ್ಲಿ ದುಡ್ಡಿಲ್ಲದೆ "ಇನ್ನೊಂದು ಆಮೇಲೆ ಹಾಕಿಸಿದರಾಯಿತು" ಎಂದುಕೊಂಡಿದ್ದೆ. ಆ ಆಮೇಲೆ ಬಂದೇ ಇರಲಿಲ್ಲ.

ಮುಂದಿನ ವಾರ ಅದೇ ಸಿಟಿಸಿಯ ಬೇರೊಂದು ಅಂಗಡಿಯಲ್ಲಿ ಅಂಥದ್ದೇ ಸೆಕೆಂಡ್ ಹ್ಯಾಂಡ್ 8 ಜಿಬಿ ಪಟ್ಟಿ ಹಿಡಿದೆ. ಬೆಲೆ 3,800 ರೂಪಾಯಿ. ವೇಗವನ್ನು ನನ್ನ ಪ್ರೊಸೆಸರ್ ಅಧಿಕೃತವಾಗಿ ಒಪ್ಪುವ 2933ಕ್ಕೆ ಹೊಂದಿಸಿದೆ. ಹೊಗೆ ಬಾಂಬು ಬಿದ್ದ ಕೆಟ್ಟ ಗಳಿಗೆಯಲ್ಲೂ ಈಗ ಆಟ ಸೆಕೆಂಡಿಗೆ 70 ಚಿತ್ರಕ್ಕಿಂತ ಕೆಳಗೆ ಇಳಿಯುವುದಿಲ್ಲ, ಉಳಿದಂತೆ ನೂರರ ಮೇಲೆಯೇ ಇರುತ್ತದೆ. ನನ್ನ ಪರದೆ ತೋರಿಸಬಲ್ಲದ್ದೇ ಸೆಕೆಂಡಿಗೆ 75. ಆದ್ದರಿಂದ ತೀರ್ಮಾನ ಹೀಗಾಯಿತು: ಮೆಮೊರಿ, ಹೌದು. ಪ್ರೊಸೆಸರ್, ಈಗ ಬೇಡ. ಒಟ್ಟು ಖರ್ಚು 4,050 ರೂಪಾಯಿ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಒಬ್ಬ ಜಿಪುಣನ ಜಂಬದ ಕತೆ. ನನ್ನ ತಕರಾರು ಇಲ್ಲಿಂದ ಮುಂದಿದೆ.

ಮಷೀನು ಹಳತಾಗುವುದು ಮಳೆ ಬಿಸಿಲಿನ ಹಾಗೆ ತಾನಾಗಿ ಆಗುವ ಸಂಗತಿ ಎಂದು ನಾವು ನಂಬಿದ್ದೇವೆ. ಎಷ್ಟೋ ಸಲ ಅದು ಯಾರೋ ಕೂತು ಮಾಡಿದ ನಿರ್ಧಾರ. 2017ರಲ್ಲಿ ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್ ತಂದಾಗ ಸಾಕೆಟ್ಟಿನ ಆಕಾರ ಹಿಂದಿನದೇ, ಸಂಪರ್ಕಗಳ ಸಂಖ್ಯೆ ಅದೇ 1151. ಆದರೂ ಹಿಂದಿನ ಬೋರ್ಡುಗಳಲ್ಲಿ ನಡೆಯುವುದಿಲ್ಲ, ವಿದ್ಯುತ್ ಪೂರೈಕೆಯ ವ್ಯವಸ್ಥೆ ಬೇರೆ ಎಂದಿತು ಕಂಪನಿ. ಆಮೇಲೆ ಹವ್ಯಾಸಿಗಳು ಬಯಾಸ್ ತಿದ್ದಿ ಹಳೇ ಬೋರ್ಡುಗಳಲ್ಲಿ ನಡೆಸಿ ತೋರಿಸಿದರು. 2020ರ ಮೇ ತಿಂಗಳಲ್ಲಿ ಎಎಂಡಿ ಕೂಡ, ಮುಂದೆ ಬರುವ ರೈಜನ್ 5000 ಸರಣಿಗೆ ಬಿ450 ಬೋರ್ಡು ನಡೆಯದು ಎಂದು ಸಾರಿತು. ಬಳಕೆದಾರರು ರೇಗಿದರು, ಗಲಾಟೆ ಎಬ್ಬಿಸಿದರು. ಎರಡೇ ವಾರದೊಳಗೆ ಕಂಪನಿ ಮಾತು ಬದಲಿಸಿತು. ಇವತ್ತು ನನ್ನ ಅದೇ ಬೋರ್ಡಿನಲ್ಲಿ, ಬಯಾಸ್ ಅಪ್‌ಡೇಟ್ ಮಾಡಿದರೆ, 5000 ಸರಣಿಯ ಪ್ರೊಸೆಸರ್ ಕೂರುತ್ತದೆ. ನಾಳೆ ಅಳತೆ ಹೌದೆಂದರೆ ನನಗೆ ಆ ದಾರಿ ತೆರೆದಿದೆ, ಬೋರ್ಡೂ ಮೆಮೊರಿಯೂ ಹಾಗೇ ಉಳಿಯುತ್ತವೆ. ಆ ದಾರಿ ತೆರೆದಿಟ್ಟವರು ಬಾಯಿಬಿಟ್ಟು ಜಗಳವಾಡಿದ ಗಿರಾಕಿಗಳು. ಆ ಗಲಾಟೆಯಲ್ಲಿ ನಾನಿರಲಿಲ್ಲ. ಅದರ ಋಣವನ್ನಾದರೂ ಒಪ್ಪಿಕೊಳ್ಳುತ್ತೇನೆ.

ನನ್ನ ರೂಮ್‌ಮೇಟಿನ ಮಷೀನು ನೋಡಿ. ಇಂಟೆಲ್ 7ನೇ ತಲೆಮಾರಿನ ಐ5, ಮೆಮೊರಿ 16 ಜಿಬಿ, ಅವನ ಕೆಲಸಕ್ಕೆ ಧಾರಾಳ. ಆದರೆ ಬೆರಳೆಣಿಕೆಯ ಕೆಲವನ್ನು ಬಿಟ್ಟರೆ ಆ ತಲೆಮಾರಿನ ಇಂಟೆಲ್ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟುಗಳಿಗೆ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಅಕ್ಟೋಬರ್ 13ರ ರಾತ್ರಿ ಚೆನ್ನಾಗಿದ್ದ ಮಷೀನು 15ರ ಬೆಳಿಗ್ಗೆ ಮುದಿಯಾಯಿತು. ಭದ್ರತೆಯ ಕಾರಣ ಸುಳ್ಳೆಂದು ನಾನು ಹೇಳುತ್ತಿಲ್ಲ. ಸುಸ್ಥಿತಿಯ ಯಂತ್ರಕ್ಕೆ ಯಾರೋ ತಾರೀಕು ಗೊತ್ತುಮಾಡಿದಾಗ ಅದನ್ನು ವಯಸ್ಸು ಎಂದು ಕರೆಯಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ಇನ್ನು ಮೆಮೊರಿಯ ಬೆಲೆ. ನಾನು 3,800 ಕೊಟ್ಟ ಹಳೇ ಪಟ್ಟಿ ಕಳೆದ ಬೇಸಿಗೆಯಲ್ಲಿ ಹೊಸದೇ ಎರಡು ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ಜಗತ್ತಿನ ಮೆಮೊರಿ ಚಿಪ್ಪುಗಳ ಬಹುಪಾಲು ತಯಾರಿಸುವವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ನಡೆಸುವ ಡೇಟಾ ಸೆಂಟರುಗಳು ಮೆಮೊರಿಯನ್ನು ಬಾಚಿ ಬಾಚಿ ಕೊಳ್ಳುತ್ತಿವೆ; ಕಾರ್ಖಾನೆಗಳು ಲಾಭ ಹೆಚ್ಚಿರುವ ಆ ಕಡೆಗೇ ತಿರುಗಿವೆ. 2025ರ ಡಿಸೆಂಬರ್ 3ರಂದು ಮೈಕ್ರಾನ್, ನಮ್ಮಂಥ ಬಿಡಿ ಗಿರಾಕಿಗಳಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. "ಬೆಲೆ ಏರುತ್ತಿದೆ, ಇವತ್ತೇ ಕೊಂಡುಬಿಡಿ" ಎಂಬ ಹೊಸ ಹೆದರಿಕೆಯೂ ಈಗ ಹುಟ್ಟಿಕೊಂಡಿದೆ. ಬೆಲೆ ಏರುತ್ತಿರುವುದು ನಿಜ. ಹಾಗಂತ ಬೇಡದ್ದನ್ನು ಕೊಂಡರೆ ಅದು ಉಳಿತಾಯ ಆಗುವುದಿಲ್ಲ. ಅಳೆಯದವನಿಗೆ ಬೇಕು ಯಾವುದು, ಬೇಡ ಯಾವುದು ಎಂದು ಗೊತ್ತಾಗುವುದಾದರೂ ಹೇಗೆ?

ಇದರ ತಮಾಷೆಯೆಂದರೆ, ಮೈಕ್ರೋಸಾಫ್ಟ್, ಎಎಂಡಿ, ಮೈಕ್ರಾನ್ ಮೂರಕ್ಕೂ ನಮ್ಮ ಹೈದರಾಬಾದಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕಚೇರಿಗಳಿವೆ. ಬೆಳಗಿನ ಮೆಟ್ರೋದಲ್ಲಿ ನನ್ನ ಪಕ್ಕ ನಿಂತು ತೂಕಡಿಸುವವರಲ್ಲಿ ಆ ಚಿಪ್ಪುಗಳ ಕೆಲಸ ಮಾಡುವವರೂ ಇದ್ದಾರು. ಈ ಪತ್ರಿಕೆ ಓದುವವರಲ್ಲೂ ಇದ್ದಾರು. ಸ್ವಾಮಿ, ನೀವು ಮಾಡಿದ ಮಾಲು ಎಷ್ಟು ಗಟ್ಟಿ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಆರು ವರ್ಷಕ್ಕೆ ಅದು ಕಸ ಎಂದು ಬೇರೆಯವರು ಹೇಳಿದಾಗ ನಿಮಗೆ ಸಿಟ್ಟು ಬರುವುದಿಲ್ಲವೇ?

ಕಸದ ಮಾತು ಬಂತು, ಲೆಕ್ಕವೂ ಇರಲಿ. ವಿಶ್ವಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು ಹೊರಹಾಕಿದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ಲೆಕ್ಕವಿರುವುದು ಶೇ. 22.3ಕ್ಕೆ ಮಾತ್ರ.

ಈಗ ಇನ್ನೊಂದು ಪಕ್ಷದ ಜೊತೆಗೂ ಜಗಳವಾಡಬೇಕು. ಇಷ್ಟು ಓದಿ "ಭೇಷ್, ಇದ್ದುದರಲ್ಲಿ ತೃಪ್ತಿಪಡಬೇಕು" ಎಂದು ತಲೆದೂಗುತ್ತಿರುವ ಹಿರಿಯರೇ, ನಾನು ನಿಮ್ಮ ಪಕ್ಷದವನೂ ಅಲ್ಲ. 46,500ರ ಸುದ್ದಿ ಕೇಳಿದ ನಮ್ಮವ್ವ "ಅಷ್ಟು ರೊಕ್ಕದಾಗ ಮೂರು ಗ್ರಾಂ ಬಂಗಾರ ಬರ್ತಿತ್ತಲ್ಲೋ, ಮಕ್ಕಳಾಟಕ್ಕ ಸುರೀತಿಯೇನು?" ಎಂದಳು. ಕನ್ನಡದ ಹಿರಿಯರೊಬ್ಬರು "ಆ ಹೊತ್ತಿನಲ್ಲಿ ಎರಡು ಪುಸ್ತಕ ಓದಬಾರದೇ?" ಎಂದರು. ಪುಸ್ತಕವನ್ನೂ ಓದುತ್ತೇನೆ, ಓದದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಈ ಊರಿಗೆ ಬಂದ ಹಿಂದಿನವರು ತಮ್ಮ ಮಾತು ಉಳಿಸಿಕೊಳ್ಳಲು ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿದರು, ನೃಪತುಂಗ ಶಾಲೆ ನಡೆಸಿದರು. ಅವರಿಗೆ ಕೈ ಮುಗಿಯುತ್ತೇನೆ. ಆದರೆ ನಾಲ್ಕು ಊರುಗಳಲ್ಲಿ ಚದುರಿದ ನಾವು ಐವರು ಶನಿವಾರ ರಾತ್ರಿ ಕೂಡಬಹುದಾದ ಕಟ್ಟೆ ಈ ಪೆಟ್ಟಿಗೆಯೊಳಗಿದೆ. ಅದಕ್ಕೆ ಮಾಡುವ ಖರ್ಚು ನಾಚಿಕೆಯ ಖರ್ಚಲ್ಲ. ಅಳತೆ ನೋಡಿದ ಮೇಲೆ ಪ್ರೊಸೆಸರೂ ಬೇಕು ಎಂದಾಗಿದ್ದರೆ, ಅವ್ವನಿಗೆ ಬೇಜಾರಾದರೂ ಕೊಳ್ಳುತ್ತಿದ್ದೆ. ಆಟಕ್ಕೆ ದುಡ್ಡು ಹಾಕುವುದೇ ತಪ್ಪು ಎನ್ನುವವರೂ, ಹಳತೆಲ್ಲ ತಪ್ಪು ಎನ್ನುವವರೂ ಒಂದೇ ಕೆಲಸ ಮಾಡುತ್ತಿದ್ದಾರೆ: ಮಷೀನಿನ ಮುಂದೆ ಕೂತವನನ್ನು ಏನೂ ಕೇಳದೆ ತೀರ್ಪು ಕೊಡುತ್ತಿದ್ದಾರೆ.

"ಅಷ್ಟೊಂದು ಅಳೆಯಲು ಪುರುಸೊತ್ತೆಲ್ಲಿದೆ? ನಮ್ಮ ಒಂದು ತಾಸಿನ ಸಂಬಳ ಎಷ್ಟು ಗೊತ್ತೇ?" ಎನ್ನುವವರೂ ಇದ್ದಾರೆ. ನನ್ನ ಅಳತೆಗೆ ಹಿಡಿದದ್ದು ಒಂದು ಭಾನುವಾರದ ಮಧ್ಯಾಹ್ನ. ಹೊಸ ಮಾಲಿನ ವಿಮರ್ಶೆಯ ವಿಡಿಯೋ ನೋಡುತ್ತ ಅದಕ್ಕಿಂತ ಹೆಚ್ಚು ತಾಸು ಕಳೆದಿದ್ದೆ. ಆ ತಾಸಿನ ಸಂಬಳವನ್ನು ನಾನೂ ಲೆಕ್ಕ ಹಾಕಿರಲಿಲ್ಲ.

ವಲಸೆ ಬಂದ ನಮಗೆ ಈ ಮಾತು ಬೇಗ ತಾಗುವುದಕ್ಕೆ ಕಾರಣವಿದೆ. ಇದ್ದ ಊರು ಸಾಲದು ಎಂದು ಹೊರಟವರು ನಾವು. ಬದಲಿಸಿದವನು ಗೆದ್ದ ಎಂಬುದೇ ನಮ್ಮ ಬದುಕಿನ ಅನುಭವ. ಫೋನು ಬದಲಿಸಿದೆವು, ಕಂಪನಿ ಬದಲಿಸಿದೆವು, ಸಂಬಳ ಏರಿತು. ಹಾಗಾಗಿ "ಅಪ್‌ಗ್ರೇಡ್" ಎಂದೊಡನೆ ಜೇಬಿಗೆ ಕೈ ಹೋಗುತ್ತದೆ. ಆದರೆ ಅದೇ ಮಾತು ನಮ್ಮ ಕಡೆಗೇ ತಿರುಗಿದಾಗ? ಕಳೆದ ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ, ನನಗಿಂತ ಹತ್ತು ವರ್ಷ ಹಿರಿಯರೊಬ್ಬರನ್ನು "ಸ್ಕಿಲ್‌ಸೆಟ್ ಹಳತಾಗಿದೆ" ಎಂದು ಮನೆಗೆ ಕಳಿಸಿದರು. ಅವರು ಏನು ಮಾಡುತ್ತಿದ್ದರು, ಯಾವ ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತಿತ್ತು ಎಂದು ಯಾರೂ ಕೂತು ಅಳೆಯಲಿಲ್ಲ. ಅವರು ಹೋದ ಮೇಲೆ ಮೂರು ವಾರ ಒಂದು ಹಳೇ ಸಿಸ್ಟಂ ನಮ್ಮಲ್ಲಿ ಯಾರ ಮಾತನ್ನೂ ಕೇಳಲಿಲ್ಲ. ಅವತ್ತು ನಾನು ಬಾಯಿ ಬಿಡಲಿಲ್ಲ. ಸಿಟಿಸಿಯ ಗೂಡಂಗಡಿಯಲ್ಲಿ "ಪುರಾನಾ ಹೋ ಗಯಾ" ಎಂದು ಕೇಳಿಸಿಕೊಂಡಾಗ ನನಗೆ ನೆನಪಾದವರು ಅವರೇ. ಮಷೀನಿನ ವಿಷಯದಲ್ಲಿ ಒಪ್ಪಿಕೊಂಡು ರೂಢಿಯಾದ ಮಾತನ್ನು ಮನುಷ್ಯರ ವಿಷಯದಲ್ಲೂ ನಾವು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇವೆ. ಎರಡೂ ಒಂದೇ ಅಲ್ಲ, ಗೊತ್ತು. ಆದರೆ ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಯಾರು ಅಳೆದರು, ಏನನ್ನು ಅಳೆದರು, ಎಷ್ಟು ಬಂತು?

ಆದ್ದರಿಂದ ಗೆಳೆಯರೇ, ಕೊಳ್ಳಬೇಡಿ ಎನ್ನುವುದಿಲ್ಲ. ಕೊಳ್ಳುವ ಹಿಂದಿನ ಭಾನುವಾರ ಪೆಟ್ಟಿಗೆ ತೆರೆಯಿರಿ, ಧೂಳು ಒರೆಸಿರಿ. ಮೆಮೊರಿ ಎಷ್ಟು ತುಂಬಿದೆ, ಎಷ್ಟು ಗಾಡಿಯಲ್ಲಿದೆ, ಯಾವ ವೇಗದಲ್ಲಿದೆ ನೋಡಿರಿ. ರೆಸಲ್ಯೂಷನ್ ಇಳಿಸಿ ಯಾರ ಕಾಲು ಕುಂಟುತ್ತಿದೆ ಎಂದು ಪತ್ತೆ ಮಾಡಿರಿ. ನಿಮ್ಮ ಪರದೆ ಎಷ್ಟು ತೋರಿಸಬಲ್ಲದು ಎಂದು ತಿಳಿದುಕೊಳ್ಳಿರಿ. ಆಮೇಲೂ ಪ್ರೊಸೆಸರ್ ಬೇಕೆಂದು ಬಂದರೆ, ನಿಮ್ಮ ಈಗಿನ ಬೋರ್ಡು ಎಲ್ಲಿಯವರೆಗೆ ಒಪ್ಪುತ್ತದೆ ಎಂದು ಪಟ್ಟಿ ನೋಡಿ, ನಿಶ್ಚಿಂತೆಯಿಂದ ಕೊಳ್ಳಿರಿ.

ಜನವರಿಯ ಎರಡನೇ ಶನಿವಾರ ನಾನು ಮತ್ತೆ ಆಡಲು ಕೂತೆ. ಮೊದಲ ಆಟ ಗೆದ್ದೆವು, ಎರಡು ಸೋತೆವು. ನನ್ನ ಮಷೀನು ಒಮ್ಮೆಯೂ ನಿಲ್ಲಲಿಲ್ಲ. ಪುಣೆಯವನು "ಎಷ್ಟ್ ಬಿತ್ತಲೇ ಹೊಸಾದು?" ಎಂದ. ನಾಲ್ಕು ಸಾವಿರದ ಐವತ್ತು ಎಂದೆ. ನಂಬಲಿಲ್ಲ. ಅವನದು ದೀಪಾವಳಿಗೆ ಜೋಡಿಸಿದ ತೊಂಬತ್ತು ಸಾವಿರದ ಹೊಸ ಮಷೀನು. ಸುಮ್ಮನೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ವೇಗ ಓದು ಅಂದೆ.

"ನಾಕ್ ಸಾವಿರದ ಎಂಟ್‌ನೂರು."

"ಡಬ್ಬದ ಮ್ಯಾಲ?"

ಡಬ್ಬ ಹುಡುಕಲು ಎದ್ದುಹೋದ. ಹೆಡ್‌ಫೋನಿನಲ್ಲಿ ಕಪಾಟಿನ ಬಾಗಿಲ ಸದ್ದು, ಏನೋ ಬಿದ್ದ ಸದ್ದು, ಅವನ ಹೆಂಡತಿಯ ಬೈಗುಳ. ಆಮೇಲೆ ಒಂದು ಗಳಿಗೆ ಸದ್ದೇ ಇಲ್ಲ.

"ಆರ್ ಸಾವಿರ ಅಂತ ಐತಿ," ಎಂದ. "ಏನ್ ಒತ್ತಬೇಕು ಹೇಳಲೇ."